ಬೆಳಕಿನ ವಿದ್ವಾಂಸ ಇಬ್ನುಲ್ ಹೈಸಮ್ ಮತ್ತು ನಿಮ್ಮ ಕೈಯ ಕ್ಯಾಮರಾ



ಇಂದು ನಿಮ್ಮಲ್ಲಿ ಹೆಚ್ಚಿನವರ ಕೈಯಲ್ಲಿ ಒಂದು ಕ್ಯಾಮರಾ ಇದೆ. ಬೇರೆ ಇಲ್ಲದಿದ್ದರೂ ಮೊಬೈಲಿನೊಳಗಾದರೂ ಇದೆ. ಈದ್ ನಮಾಝ್ ಮುಗಿಸಿ ಹೊರಬರುವಾಗ, ಶಾಲೆಯ ವಾರ್ಷಿಕೋತ್ಸವದಲ್ಲಿ, ಅಕ್ಕನ ನಿಕಾಹ್ ದಿನ ನೀವು ತೆಗೆಯುವ ಫೋಟೋಗಳಿಗೆ ಲೆಕ್ಕವಿಲ್ಲ. ಆದರೆ ಮನೆಗೆ ಬಂದು ನೋಡಿದರೆ ಒಂದರಲ್ಲಿ ಮುಖ ಕಪ್ಪಾಗಿರುತ್ತದೆ, ಇನ್ನೊಂದು ಅಲುಗಿ ಮಸುಕಾಗಿರುತ್ತದೆ, ಮತ್ತೊಂದರಲ್ಲಿ ಅಬ್ಬಾರ ಬಿಳಿ ಜುಬ್ಬಾ ಬೂದಿ ಬಣ್ಣಕ್ಕೆ ತಿರುಗಿರುತ್ತದೆ. ಆಗ ನಾವು ಬೈಯುವುದು ಕ್ಯಾಮರಾವನ್ನು. ಇನ್ನೂ ದುಬಾರಿಯದು ಇದ್ದಿದ್ದರೆ ಚೆನ್ನಾಗಿ ಬರುತ್ತಿತ್ತು ಎಂದುಕೊಳ್ಳುತ್ತೇವೆ.

ಈ ಲೇಖನದಲ್ಲಿ ನಾನು ಪರಿಚಯಿಸಲಿರುವ ಮಹನೀಯರ ಬಳಿ ಕ್ಯಾಮರಾ ಇರಲಿಲ್ಲ. ಅವರ ಕಾಲದಲ್ಲಿ ಆ ವಸ್ತುವೇ ಇರಲಿಲ್ಲ. ಅವರ ಬಳಿ ಇದ್ದದ್ದು ಒಂದು ಕತ್ತಲೆಯ ಕೋಣೆ, ಕೆಲವು ದೀಪಗಳು, ಗೋಡೆಯಲ್ಲೊಂದು ರಂಧ್ರ ಮತ್ತು ಕಂಡದ್ದನ್ನು ಪರೀಕ್ಷಿಸದೆ ನಂಬದ ಮನಸ್ಸು. ಆದರೂ ಅವರು ಕಲಿಸಿದ ಪಾಠವನ್ನು ಅರಿತವರು ಸಾಧಾರಣ ಮೊಬೈಲಿನಲ್ಲೂ ಒಳ್ಳೆಯ ಚಿತ್ರ ತೆಗೆಯಬಲ್ಲರು. ಅವರ ಹೆಸರು ಅಬೂ ಅಲೀ ಅಲ್ ಹಸನ್ ಇಬ್ನುಲ್ ಹೈಸಮ್. ಅರಬಿ ಉಚ್ಚಾರಣೆಯಲ್ಲಿ ಇಬ್ನುಲ್ ಹೈಥಮ್. ಯುರೋಪಿನವರು ಅಲ್ ಹಸನ್ ಎಂಬ ಹೆಸರನ್ನೇ ಅಲ್ಹಾಝೆನ್ ಎಂದು ಬದಲಿಸಿಕೊಂಡರು.

ಬಸ್ರಾದಿಂದ ಕೈರೋಗೆ

ಇಬ್ನುಲ್ ಹೈಸಮ್ ಕ್ರಿ.ಶ. 965ರ ಸುಮಾರಿಗೆ ಇಂದಿನ ಇರಾಕಿನ ಬಸ್ರಾ ನಗರದಲ್ಲಿ ಜನಿಸಿದರು. ಬಸ್ರಾ ಆಗ ವ್ಯಾಪಾರಕ್ಕೂ ವಿದ್ಯೆಗೂ ಹೆಸರಾದ ಬಂದರು. ಗ್ರೀಕರ ಗಣಿತ, ಖಗೋಳ, ವೈದ್ಯ ಗ್ರಂಥಗಳು ಅಷ್ಟರಲ್ಲಾಗಲೇ ಅರಬಿ ಭಾಷೆಗೆ ಬಂದಿದ್ದವು. ಯೂಕ್ಲಿಡ್, ಟಾಲೆಮಿ, ಅರಿಸ್ಟಾಟಲ್, ಗ್ಯಾಲೆನ್ ಇವರನ್ನೆಲ್ಲ ಇಬ್ನುಲ್ ಹೈಸಮ್ ಆಳವಾಗಿ ಓದಿದರು.

ಅವರ ಜೀವನದ ಬಹು ಪ್ರಸಿದ್ಧ ಪ್ರಸಂಗವನ್ನು ನಮಗೆ ತಿಳಿಸಿದವರು ಅವರ ನಂತರ ಸುಮಾರು ಎರಡು ಶತಮಾನಗಳಿಗೆ ಬಂದ ಚರಿತ್ರೆಕಾರ ಇಬ್ನುಲ್ ಕಿಫ್ತಿ. ನೈಲ್ ನದಿ ಒಂದು ವರ್ಷ ಉಕ್ಕಿ ಹರಿದರೆ ಮತ್ತೊಂದು ವರ್ಷ ಬತ್ತಿ ಈಜಿಪ್ಟಿನ ರೈತರನ್ನು ಕಂಗೆಡಿಸುತ್ತಿತ್ತು. ತಾನು ಅಲ್ಲಿದ್ದಿದ್ದರೆ ಆ ನೀರನ್ನು ಹಿಡಿತಕ್ಕೆ ತರುವ ಏರ್ಪಾಟು ಮಾಡುತ್ತಿದ್ದೆ ಎಂದು ಇಬ್ನುಲ್ ಹೈಸಮ್ ಹೇಳಿದ ಮಾತು ಫಾತಿಮಿ ಖಲೀಫಾ ಅಲ್ ಹಾಕಿಮ್‌ರ ಕಿವಿಗೆ ಬಿತ್ತು. ಖಲೀಫಾ ಅವರನ್ನು ಕೈರೋಗೆ ಕರೆಸಿ, ಗೌರವದಿಂದ ಬರಮಾಡಿಕೊಂಡು, ಕೆಲಸಗಾರರ ತಂಡದೊಂದಿಗೆ ದಕ್ಷಿಣಕ್ಕೆ ಕಳುಹಿಸಿದರು.

ನದಿಯ ಉದ್ದಕ್ಕೂ ಸಾಗುವಾಗ ಪುರಾತನ ಈಜಿಪ್ಟಿನವರು ಕಟ್ಟಿದ ಭವ್ಯ ಕಟ್ಟಡಗಳನ್ನು ಅವರು ಕಂಡರು. ಇಷ್ಟು ನಿಖರವಾಗಿ ಕಟ್ಟಬಲ್ಲವರಿಗೆ ನೈಲನ್ನು ತಡೆಯಲು ಸಾಧ್ಯವಿದ್ದರೆ ಅವರು ಬಿಡುತ್ತಿದ್ದರೇ ಎಂಬ ಸಂಶಯ ಅಲ್ಲೇ ಹುಟ್ಟಿತು. ಅಸ್ವಾನ್ ಬಳಿಯ ಜನಾದಿಲ್ ಎಂಬಲ್ಲಿ ನದಿಯನ್ನು ಎರಡೂ ದಡಗಳಿಂದ ಪರಿಶೀಲಿಸಿದ ಮೇಲೆ ತಮ್ಮ ಯೋಜನೆ ನಡೆಯುವಂಥದ್ದಲ್ಲ ಎಂಬುದು ಖಚಿತವಾಯಿತು. ಹಿಂತಿರುಗಿ ಬಂದು ಖಲೀಫಾರ ಮುಂದೆ ಸೋಲನ್ನು ಒಪ್ಪಿಕೊಂಡರು. ಅದೇ ಅಸ್ವಾನ್‌ನಲ್ಲಿ ನೈಲ್ ನದಿಗೆ ಮಹಾ ಅಣೆಕಟ್ಟು ಪೂರ್ಣಗೊಂಡದ್ದು 1970ರಲ್ಲಿ. ಅಂದರೆ ಒಂಬತ್ತು ಶತಮಾನಗಳಿಗೂ ಹೆಚ್ಚು ಕಾಲ ಕಳೆದ ಮೇಲೆ.

ಅಲ್ ಹಾಕಿಮ್ ಮುಂಗೋಪಕ್ಕೆ ಹೆಸರಾದ ಆಡಳಿತಗಾರ. ಅವರು ಕೊಟ್ಟ ಸರಕಾರಿ ಹುದ್ದೆಯನ್ನು ಒಪ್ಪಿದರೂ ಅಪಾಯ, ಬಿಟ್ಟರೂ ಅಪಾಯ. ಕೊನೆಗೆ ಇಬ್ನುಲ್ ಹೈಸಮ್ ಬುದ್ಧಿ ಕೆಟ್ಟವರಂತೆ ನಟಿಸಿದರೆಂದೂ, ಅವರ ಸೊತ್ತನ್ನು ವಶಪಡಿಸಿಕೊಂಡು ಅವರನ್ನು ಮನೆಯಲ್ಲೇ ಬಂಧನದಲ್ಲಿ ಇರಿಸಲಾಯಿತೆಂದೂ ಇಬ್ನುಲ್ ಕಿಫ್ತಿ ಬರೆಯುತ್ತಾರೆ. 1021ರಲ್ಲಿ ಅಲ್ ಹಾಕಿಮ್‌ರ ಕಾಲ ಮುಗಿದ ನಂತರವೇ ಅವರು ನಟನೆಯನ್ನು ಬಿಟ್ಟು ಹೊರಬಂದರು. ಆಮೇಲೆ ಅಲ್ ಅಝ್ಹರ್ ಮಸೀದಿಯ ಬಾಗಿಲ ಬಳಿ ವಾಸವಾಗಿದ್ದು, ಯೂಕ್ಲಿಡ್ ಮತ್ತು ಟಾಲೆಮಿಯ ಗ್ರಂಥಗಳನ್ನು ಕೈಯಿಂದ ನಕಲು ಮಾಡಿ ಮಾರಿ, ವರ್ಷಕ್ಕೆ 150 ದೀನಾರ್ ಸಂಪಾದನೆಯಲ್ಲಿ ಜೀವನ ಸಾಗಿಸಿದರು. ಪಾಠ ಹೇಳುವುದು, ಬರೆಯುವುದು, ಪ್ರಯೋಗ ಮಾಡುವುದು ಇಷ್ಟೇ ಅವರ ಬದುಕಾಯಿತು. 1040ರ ಸುಮಾರಿಗೆ ಕೈರೋದಲ್ಲೇ ತೀರಿಕೊಂಡರು. ಅವರು ಬರೆದ ತೊಂಬತ್ತಕ್ಕೂ ಹೆಚ್ಚು ಕೃತಿಗಳ ಹೆಸರುಗಳು ಹಳೆಯ ಪಟ್ಟಿಗಳಲ್ಲಿ ಸಿಗುತ್ತವೆ.

ಕತ್ತಲೆಯ ಕೋಣೆ

ಅವರ ಕೃತಿಗಳಲ್ಲಿ ಶ್ರೇಷ್ಠವಾದುದು ಏಳು ಭಾಗಗಳ ಕಿತಾಬುಲ್ ಮನಾಝಿರ್. ಉರ್ದು ಬಲ್ಲವರಿಗೆ ಈ ಪದ ಹೊಸದಲ್ಲ. ಮನ್ಝರ್ ಎಂದರೆ ದೃಶ್ಯ, ಮನಾಝಿರ್ ಅದರ ಬಹುವಚನ. ನಾವು ವಸ್ತುಗಳನ್ನು ಹೇಗೆ ಕಾಣುತ್ತೇವೆ ಎಂಬುದೇ ಈ ಗ್ರಂಥದ ವಿಷಯ.

ಯೂಕ್ಲಿಡ್ ಮತ್ತು ಟಾಲೆಮಿಯಂಥ ಮಹಾಗಣಿತಜ್ಞರು ನಮ್ಮ ಕಣ್ಣಿನಿಂದಲೇ ಕಿರಣಗಳು ಹೊರಟು ವಸ್ತುವನ್ನು ಮುಟ್ಟುತ್ತವೆ ಎಂದು ನಂಬಿದ್ದರು. ಇಬ್ನುಲ್ ಹೈಸಮ್ ಅದನ್ನು ಒಪ್ಪಲಿಲ್ಲ. ಸೂರ್ಯನತ್ತ ನೋಡಿದರೆ ಕಣ್ಣು ನೋಯುತ್ತದೆ. ಪ್ರಖರ ಬೆಳಕನ್ನು ನೋಡಿ ಕತ್ತಲೆಗೆ ತಿರುಗಿದರೆ ಆ ಬೆಳಕಿನ ಆಕಾರ ಸ್ವಲ್ಪ ಹೊತ್ತು ಕಣ್ಣಲ್ಲೇ ಉಳಿಯುತ್ತದೆ. ಹೀಗಿರುವಾಗ ಬೆಳಕು ಹೊರಗಿನಿಂದ ಬಂದು ಕಣ್ಣಿನ ಮೇಲೆ ಪರಿಣಾಮ ಮಾಡುತ್ತದೆ ಎನ್ನುವುದೇ ಸರಿ ಎಂದು ಅವರು ತೋರಿಸಿದರು. ದೀಪದ ಬೆಳಕು ವಸ್ತುವಿನ ಮೇಲೆ ಬಿದ್ದು, ಅದರ ಪ್ರತಿಯೊಂದು ಬಿಂದುವಿನಿಂದ ಎಲ್ಲ ದಿಕ್ಕಿಗೂ ಹರಡಿ, ಕಣ್ಣನ್ನು ಸೇರುತ್ತದೆ.

ಬೆಳಕು ನೇರವಾಗಿ ಸಾಗುತ್ತದೆ ಎಂಬುದಕ್ಕೆ ಅವರು ಮಾಡಿದ ಪ್ರಯೋಗ ಬಹಳ ಸರಳ. ಕತ್ತಲೆಯ ಕೋಣೆಗೆ ತೆರೆದುಕೊಳ್ಳುವ ಒಂದು ರಂಧ್ರದ ಎದುರಿಗೆ ಹಲವು ದೀಪಗಳನ್ನು ಬೇರೆ ಬೇರೆ ಜಾಗಗಳಲ್ಲಿಟ್ಟರು. ಒಳಗಿನ ಗೋಡೆಯ ಮೇಲೆ ದೀಪಗಳಷ್ಟೇ ಸಂಖ್ಯೆಯ ಬೆಳಕಿನ ಮಚ್ಚೆಗಳು ಬಿದ್ದವು. ಒಂದು ದೀಪವನ್ನು ಮುಚ್ಚಿದರೆ ಅದಕ್ಕೆ ನೇರ ಎದುರಿಗಿದ್ದ ಮಚ್ಚೆ ಮಾತ್ರ ಮಾಯವಾಯಿತು, ತೆರೆದರೆ ಮರಳಿ ಬಂತು. ಹಲವು ದೀಪಗಳ ಬೆಳಕು ಒಂದೇ ರಂಧ್ರದಲ್ಲಿ ಹಾದುಹೋದರೂ ಒಂದರೊಡನೊಂದು ಬೆರೆಯಲಿಲ್ಲ.

ವಿದ್ಯಾರ್ಥಿಗಳೇ, ಅವರ ವಿಧಾನವನ್ನು ಗಮನಿಸಿ. ಉಳಿದುದೆಲ್ಲವನ್ನೂ ಹಾಗೇ ಇಟ್ಟು ಒಂದನ್ನು ಮಾತ್ರ ಬದಲಿಸಿದರು. ಫೋಟೋ ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ದಾರಿಯಿಲ್ಲ. ತಮ್ಮನನ್ನು ಕಿಟಕಿಯ ಬಳಿ ಕೂರಿಸಿ ಒಂದು ಚಿತ್ರ ತೆಗೆಯಿರಿ. ಬೇರೇನೂ ಬದಲಿಸದೆ ಅವನ ಮುಖವನ್ನು ಮಾತ್ರ ಕಿಟಕಿಯತ್ತ ಸ್ವಲ್ಪ ತಿರುಗಿಸಿ ಇನ್ನೊಂದು ತೆಗೆಯಿರಿ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಬೆಳಕು ಏನು ಮಾಡಿತೆಂದು ತಿಳಿಯುತ್ತದೆ.

ನಾನು ತಿದ್ದಿಕೊಳ್ಳಬೇಕಾದ ಒಂದು ಮಾತು

ಇಲ್ಲಿ ಒಂದು ತಪ್ಪೊಪ್ಪಿಗೆ ಇದೆ. ಕೆಲವು ವರ್ಷಗಳ ಹಿಂದೆ ಒಂದು ಸಭೆಯಲ್ಲಿ, ಕ್ಯಾಮರಾವನ್ನು ಕಂಡುಹಿಡಿದವರು ಇಬ್ನುಲ್ ಹೈಸಮ್, ಕ್ಯಾಮರಾ ಎಂಬ ಹೆಸರೇ ಅರಬಿಯದು ಎಂದು ನಾನು ಆವೇಶದಿಂದ ಹೇಳಿದ್ದೆ. ಚಪ್ಪಾಳೆಯೂ ಬಿತ್ತು. ಸಭೆ ಮುಗಿದ ಮೇಲೆ ಒಂಬತ್ತನೇ ತರಗತಿಯ ಒಬ್ಬ ಹುಡುಗಿ ಬಂದು, ಸರ್, ಇದು ಯಾವ ಪುಸ್ತಕದಲ್ಲಿದೆ ಎಂದು ಕೇಳಿದಳು. ನನ್ನ ಬಳಿ ಉತ್ತರವಿರಲಿಲ್ಲ. ಹುಡುಕಿ ಓದಿದಾಗ ನನ್ನ ಮಾತು ತಪ್ಪೆಂದು ತಿಳಿಯಿತು.

ಕ್ಯಾಮರಾ ಎಂಬುದು ಲ್ಯಾಟಿನ್ ಪದ, ಕೋಣೆ ಎಂದು ಅದರ ಅರ್ಥ. ನಮ್ಮ ಉರ್ದುವಿನ ಕಮ್ರಾ ಕೂಡ ಅದೇ ಮೂಲದಿಂದ ಪೋರ್ಚುಗೀಸರ ಮೂಲಕ ಬಂದದ್ದು. ಕತ್ತಲೆ ಕೋಣೆ ಎಂಬರ್ಥದ ಲ್ಯಾಟಿನ್ ಹೆಸರನ್ನು ಬಳಕೆಗೆ ತಂದವರು 1604ರಲ್ಲಿ ಜರ್ಮನಿಯ ಖಗೋಳ ವಿಜ್ಞಾನಿ ಕೆಪ್ಲರ್. ಸಣ್ಣ ರಂಧ್ರದಿಂದ ಬಿಂಬ ಮೂಡುವುದನ್ನು ಇಬ್ನುಲ್ ಹೈಸಮ್‌ಗಿಂತ ಶತಮಾನಗಳ ಮೊದಲೇ ಚೀನಾದಲ್ಲೂ ಗ್ರೀಸಿನಲ್ಲೂ ಕಂಡವರಿದ್ದರು. ಬಿಂಬವನ್ನು ಶಾಶ್ವತವಾಗಿ ಉಳಿಸುವ ಛಾಯಾಗ್ರಹಣ ಫ್ರಾನ್ಸಿನಲ್ಲಿ 1820ರ ದಶಕದಲ್ಲಿ ನಿಯೆಪ್ಸ್‌ರ ಕೈಯಲ್ಲಿ ಆರಂಭವಾಗಿ, 1839ರಲ್ಲಿ ದಗೇರ್‌ರ ವಿಧಾನದೊಂದಿಗೆ ಜಗತ್ತಿಗೆ ಪರಿಚಯವಾಯಿತು. ಕಣ್ಣಿನೊಳಗೆ ಬಿಂಬ ತಲೆಕೆಳಗಾಗಿ ಬೀಳುತ್ತದೆ ಎಂಬುದನ್ನೂ ಇಬ್ನುಲ್ ಹೈಸಮ್ ಒಪ್ಪಿರಲಿಲ್ಲ. ಅದನ್ನು ಸರಿಪಡಿಸಿದವರು ಕೆಪ್ಲರ್.

ಇದರಿಂದ ಅವರ ಘನತೆ ಕುಗ್ಗುವುದಿಲ್ಲ. ಅವರಿಗಿಂತ ಮೊದಲಿನವರು ಕಂಡದ್ದನ್ನು ಅವರು ಪರೀಕ್ಷೆಗೊಡ್ಡಿ, ಗಣಿತದಿಂದ ವಿವರಿಸಿದರು. ಟಾಲೆಮಿಯನ್ನು ಗುರುವಿನಂತೆ ಗೌರವಿಸುತ್ತಲೇ ಅಲ್ ಶುಕೂಕ್ ಎಂಬ ಕೃತಿಯಲ್ಲಿ ಆತನ ತಪ್ಪುಗಳನ್ನು ಎತ್ತಿ ತೋರಿಸಿದರು. ಶಕ್ ಎಂದರೆ ಸಂಶಯ, ಶುಕೂಕ್ ಅದರ ಬಹುವಚನ. ಹಿರಿಯರ ಮಾತನ್ನೂ ಪರೀಕ್ಷಿಸಿಯೇ ಒಪ್ಪಬೇಕೆಂದು ಬದುಕಿದವರ ಹೆಸರಿನಲ್ಲಿ ಪರೀಕ್ಷಿಸದ ಮಾತು ಹೇಳುವುದು ಅವರಿಗೆ ಸಲ್ಲಿಸುವ ಗೌರವವಲ್ಲ. ಇದನ್ನು ನನಗೆ ಕಲಿಸಿದ್ದು ಆ ಹುಡುಗಿಯ ಪ್ರಶ್ನೆ.

ರಂಧ್ರ ಎಷ್ಟು ದೊಡ್ಡದಿರಬೇಕು?

ಗ್ರಹಣದ ಆಕಾರದ ಬಗ್ಗೆ ಇಬ್ನುಲ್ ಹೈಸಮ್ ಒಂದು ಪ್ರತ್ಯೇಕ ಪ್ರಬಂಧ ಬರೆದಿದ್ದಾರೆ. ಸೂರ್ಯನಿಗೆ ಭಾಗಶಃ ಗ್ರಹಣ ಹಿಡಿದಾಗ ಸಣ್ಣ ದುಂಡು ರಂಧ್ರದ ಮೂಲಕ ಬಿದ್ದ ಬೆಳಕು ಕುಡುಗೋಲಿನಾಕಾರದಲ್ಲಿ ಕಾಣುತ್ತದೆ. ರಂಧ್ರ ದೊಡ್ಡದಾದರೆ ಆ ಆಕಾರ ಹೋಗಿ ರಂಧ್ರದಂತೆಯೇ ದುಂಡಗಾಗುತ್ತದೆ. ಏಕೆ? ರಂಧ್ರದ ಪ್ರತಿಯೊಂದು ಬಿಂದುವೂ ಒಂದೊಂದು ಬಿಂಬವನ್ನು ಮೂಡಿಸುತ್ತದೆ. ರಂಧ್ರ ದೊಡ್ಡದಾದಷ್ಟೂ ಆ ಬಿಂಬಗಳು ಒಂದರ ಮೇಲೊಂದು ಬಿದ್ದು ಕಲಸಿಹೋಗುತ್ತವೆ. ಇದನ್ನು ಅವರು ಲೆಕ್ಕ ಹಾಕಿ ತೋರಿಸಿದರು. 2019ರ ಡಿಸೆಂಬರ್ 26ರ ಸೂರ್ಯಗ್ರಹಣದ ಬೆಳಿಗ್ಗೆ ನಮ್ಮ ರಾಜ್ಯದಲ್ಲಿ ಮರದ ನೆರಳನ್ನು ಗಮನಿಸಿದವರು ಎಲೆಗಳ ಸಂದಿನಿಂದ ನೆಲದ ಮೇಲೆ ಬಿದ್ದ ಇಂಥ ಕುಡುಗೋಲುಗಳನ್ನು ನೋಡಿರುತ್ತೀರಿ. ಸೂರ್ಯನನ್ನು ಬರಿಗಣ್ಣಿನಿಂದಾಗಲಿ, ಕ್ಯಾಮರಾದ ಕಿಂಡಿಯಿಂದಾಗಲಿ ಎಂದೂ ನೋಡಬೇಡಿ. ರಂಧ್ರದ ಬಿಂಬವನ್ನು ನೆಲದ ಮೇಲೆ ನೋಡುವುದೇ ಕ್ಷೇಮ.

ಸಣ್ಣ ರಂಧ್ರದಲ್ಲಿ ಬಿಂಬ ಸ್ಪಷ್ಟ, ಆದರೆ ಬೆಳಕು ಕಡಿಮೆ. ದೊಡ್ಡ ರಂಧ್ರದಲ್ಲಿ ಬೆಳಕು ಹೆಚ್ಚು, ಸ್ಪಷ್ಟತೆ ಕಡಿಮೆ. ಈ ಇಕ್ಕಟ್ಟನ್ನು ಬಹುಮಟ್ಟಿಗೆ ಬಿಡಿಸಿದ್ದು ಮಸೂರ, ಅಂದರೆ ಲೆನ್ಸ್. ಹದಿನಾರನೇ ಶತಮಾನದಲ್ಲಿ ಇಟಲಿಯವರು ರಂಧ್ರಕ್ಕೆ ಮಸೂರ ಕೂರಿಸಿದರು. ಆದರೆ ಇಕ್ಕಟ್ಟು ಪೂರ್ತಿ ಹೋಗಿಲ್ಲ. ಇಂದಿನ ಕ್ಯಾಮರಾದಲ್ಲೂ ರಂಧ್ರವನ್ನು ದೊಡ್ಡದು ಮಾಡಿದರೆ ಒಂದು ದೂರದಲ್ಲಿರುವುದು ಮಾತ್ರ ಸ್ಪಷ್ಟವಾಗಿ, ಹಿಂದು ಮುಂದಿನದು ಮಸುಕಾಗುತ್ತದೆ. ಒಬ್ಬರ ಮುಖಕ್ಕೆ ಅದು ಚೆಂದ. ಮೂರು ಸಾಲಿನ ಗುಂಪು ಚಿತ್ರಕ್ಕೆ ಎಫ್ 8ರಂಥ ಸಣ್ಣ ರಂಧ್ರ ಬೇಕು.

ಚಿತ್ರಕ್ಕೆ ಸಿಗುವ ಬೆಳಕಿನ ಪ್ರಮಾಣಕ್ಕೆ ಎಕ್ಸ್‌ಪೋಷರ್ ಎನ್ನುತ್ತಾರೆ. ಕೊಡಕ್ಕೆ ನೀರು ತುಂಬುವುದನ್ನು ನೆನೆಸಿಕೊಳ್ಳಿ. ನಲ್ಲಿಯನ್ನು ಎಷ್ಟು ತಿರುಗಿಸಿದಿರಿ ಎಂಬುದು ರಂಧ್ರದ ಅಳತೆ. ಎಷ್ಟು ಹೊತ್ತು ಬಿಟ್ಟಿರಿ ಎಂಬುದು ಶಟರ್ ವೇಗ. ಕೊಡ ಎಷ್ಟು ಚಿಕ್ಕದು ಎಂಬುದು ಐ.ಎಸ್.ಓ. ಸಂಖ್ಯೆ. ಐ.ಎಸ್.ಓ. 100ರಿಂದ 200ಕ್ಕೆ ಹೋದರೆ ಅರ್ಧ ಬೆಳಕು ಸಾಕು, 400ಕ್ಕೆ ಹೋದರೆ ಕಾಲು ಭಾಗ ಸಾಕು, ಆದರೆ ಚಿತ್ರದಲ್ಲಿ ಕಾಳುಕಾಳಾದ ಚುಕ್ಕೆಗಳು ಹೆಚ್ಚುತ್ತವೆ. ಮೋಡವಿಲ್ಲದ ಬಿಸಿಲಿಗೆ ಹಳಬರ ಒಂದು ಸೂತ್ರವಿದೆ. ರಂಧ್ರ ಎಫ್ 16, ಐ.ಎಸ್.ಓ. 100 ಇದ್ದರೆ ಶಟರ್ ಸೆಕೆಂಡಿನ 125ನೇ ಒಂದು ಭಾಗ. ಓಡುವ ಮಕ್ಕಳ ಚಿತ್ರಕ್ಕೆ ಶಟರನ್ನು 500ನೇ ಒಂದು ಭಾಗಕ್ಕೆ ಏರಿಸಿದರೆ ರಂಧ್ರವನ್ನು ಎಫ್ 8ಕ್ಕೆ ತೆರೆಯಿರಿ. ಬೆಳಕಿನ ಲೆಕ್ಕ ಸರಿಹೋಗುತ್ತದೆ.

ನೋಟದ ಎಂಟು ಷರತ್ತುಗಳು

ಕಿತಾಬುಲ್ ಮನಾಝಿರ್‌ನಲ್ಲಿ ನನಗೆ ಬಹಳ ಉಪಯುಕ್ತವಾಗಿ ಕಂಡದ್ದು ಇದು. ಒಂದು ವಸ್ತು ಸರಿಯಾಗಿ ಕಾಣಬೇಕಾದರೆ ಎಂಟು ಸಂಗತಿಗಳು ಹಿತಮಿತವಾಗಿರಬೇಕು ಎಂದು ಇಬ್ನುಲ್ ಹೈಸಮ್ ವಿವರಿಸುತ್ತಾರೆ. ಇವುಗಳಲ್ಲಿ ಒಂದು ಮಿತಿ ಮೀರಿದರೂ ಕಣ್ಣು ಮೋಸ ಹೋಗುತ್ತದೆ. ಅವರು ಹೇಳಿದ್ದು ಕಣ್ಣಿನ ಬಗ್ಗೆ. ನಾವು ಅವುಗಳನ್ನು ಕ್ಯಾಮರಾಕ್ಕೆ ಅನ್ವಯಿಸಿಕೊಳ್ಳೋಣ.

ಮೊದಲನೆಯದು ದೂರ. ಮೊಬೈಲಿನಲ್ಲಿ ಬೆರಳಿನಿಂದ ಚಿತ್ರವನ್ನು ಹಿಗ್ಗಿಸುವ ಬದಲು ಎರಡು ಹೆಜ್ಜೆ ಹತ್ತಿರ ಹೋಗಿ. ಆದರೆ ಮುಖಕ್ಕೆ ತೀರಾ ಹತ್ತಿರ ಹಿಡಿದರೆ ಮೂಗು ದೊಡ್ಡದಾಗಿ ಕಾಣುತ್ತದೆ.

ಎರಡನೆಯದು ಎದುರಿನ ನಿಲುವು. ಮಗುವಿನ ಚಿತ್ರ ತೆಗೆಯುವಾಗ ಮಂಡಿಯೂರಿ ಅದರ ಕಣ್ಣಿನ ಮಟ್ಟಕ್ಕೆ ಬನ್ನಿ. ಮಸೀದಿಯ ಮಿನಾರ ತೆಗೆಯುವಾಗ ಕ್ಯಾಮರಾವನ್ನು ಮೇಲಕ್ಕೆ ವಾಲಿಸಿದರೆ ಮಿನಾರ ಹಿಂದಕ್ಕೆ ಬಾಗಿದಂತೆ ಕಾಣುತ್ತದೆ. ದೂರ ಸರಿದು ನೇರವಾಗಿ ಹಿಡಿಯಿರಿ.

ಮೂರನೆಯದು ಬೆಳಕು. ಮಂದ ಬೆಳಕಿನಲ್ಲಿ ವಸ್ತುವಿನ ಮೇಲಿನ ಸೂಕ್ಷ್ಮ ಕೆತ್ತನೆ ಕಾಣುವುದಿಲ್ಲ, ಕಣ್ಣು ಕುಕ್ಕುವ ಬೆಳಕಿನಲ್ಲೂ ಕಾಣುವುದಿಲ್ಲ ಎಂದು ಅವರು ಗಮನಿಸಿದ್ದರು. ಮಧ್ಯಾಹ್ನದ ನೆತ್ತಿಯ ಬಿಸಿಲು ಕಣ್ಣುಗಳ ಕೆಳಗೆ ಕಪ್ಪು ನೆರಳು ಬೀಳಿಸುತ್ತದೆ. ಬೆಳಿಗ್ಗೆ ಮತ್ತು ಅಸರ್ ನಂತರದ ಓರೆ ಬೆಳಕು ಒಳ್ಳೆಯದು. ಕಿಟಕಿಗೆ ಬೆನ್ನು ಮಾಡಿ ಯಾರನ್ನೂ ನಿಲ್ಲಿಸಬೇಡಿ. ದೊಡ್ಡ ಸಭಾಂಗಣದಲ್ಲಿ ಮೊಬೈಲಿನ ಫ್ಲಾಶ್‌ನಿಂದ ಪ್ರಯೋಜನವಿಲ್ಲ. ದೂರ ಎರಡು ಪಟ್ಟಾದರೆ ಅದರ ಬೆಳಕು ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ. ಹಸಿರು ಗಿಡಗಳ ಪಕ್ಕದ ಬಿಳಿ ವಸ್ತುವಿನ ಮೇಲೆ ಹಸಿರು ಛಾಯೆ ಬೀಳುವುದನ್ನೂ ಅವರು ಬರೆದಿದ್ದಾರೆ. ಹಸಿರು ಬಣ್ಣ ಬಳಿದ ಗೋಡೆಗೆ ತಾಗಿ ನಿಂತವರ ಮುಖ ಫೋಟೋದಲ್ಲಿ ಕಳೆಗುಂದಿ ಕಾಣುವುದು ಇದರಿಂದಲೇ.

ನಾಲ್ಕನೆಯದು ಗಾತ್ರ. ಚಿತ್ರದಲ್ಲಿ ಮುಖ್ಯವಾದುದು ಸಾಕಷ್ಟು ದೊಡ್ಡದಾಗಿರಲಿ. ಬಹುಮಾನ ಪಡೆದ ಮಗುವಿಗಿಂತ ವೇದಿಕೆಯ ಬ್ಯಾನರೇ ದೊಡ್ಡದಾಗಬಾರದು.

ಐದನೆಯದು ವಸ್ತುವಿನ ಸಾಂದ್ರತೆ. ಪೂರ್ತಿ ಪಾರದರ್ಶಕವಾದುದು ಕಣ್ಣಿಗೆ ಕಾಣದು. ಕನ್ನಡಕ, ಗಾಜಿನ ಚೌಕಟ್ಟು ಇವುಗಳನ್ನು ತೆಗೆಯುವಾಗ ಸ್ವಲ್ಪ ಓರೆಯಾಗಿ ನಿಂತರೆ ಪ್ರತಿಫಲನ ತಪ್ಪುತ್ತದೆ.

ಆರನೆಯದು ನಡುವಿನ ಗಾಳಿಯ ತಿಳಿತನ. ನಮ್ಮ ಮಟ್ಟಿಗೆ ಇದರಲ್ಲಿ ಲೆನ್ಸ್ ಕೂಡ ಸೇರುತ್ತದೆ. ಜೇಬಿನಿಂದ ತೆಗೆದ ಮೊಬೈಲಿನ ಲೆನ್ಸಿನ ಮೇಲೆ ಬೆರಳಿನ ಜಿಡ್ಡು ಇದ್ದೇ ಇರುತ್ತದೆ. ಶುಭ್ರವಾದ ಮೆತ್ತನೆಯ ಹತ್ತಿ ಬಟ್ಟೆಯಿಂದ ಒರೆಸಿ. ಖರ್ಚಿಲ್ಲದ ಸುಧಾರಣೆ ಇದು.

ಏಳನೆಯದು ಕಾಲ. ಹಲವು ಬಣ್ಣದ ಬುಗುರಿ ವೇಗವಾಗಿ ತಿರುಗಿದರೆ ಬಣ್ಣಗಳು ಬೆರೆತು ಒಂದೇ ಆಗಿ ಕಾಣುತ್ತವೆ ಎಂಬ ಉದಾಹರಣೆ ಅವರದು. ಕ್ಯಾಮರಾದಲ್ಲೂ ಹಾಗೆಯೇ, ಶಟರ್ ನಿಧಾನವಾದರೆ ಚಲನೆ ಕಲಸಿಹೋಗುತ್ತದೆ. ಸೆಕೆಂಡಿನ 60ನೇ ಒಂದು ಭಾಗಕ್ಕಿಂತ ನಿಧಾನವಾದಾಗ ಸ್ಟ್ಯಾಂಡ್ ಬಳಸಿ, ಇಲ್ಲವೇ ಕಂಬಕ್ಕೋ ಮೇಜಿಗೋ ಕೈ ಊರಿ. ಕ್ಯಾಮರಾಗಿಂತ ಮೊದಲು ಕೊಳ್ಳಬೇಕಾದ ಸಾಮಾನು ಏನೆಂದು ಕೇಳಿದರೆ, ಸಾಧಾರಣ ಬೆಲೆಯ ಗಟ್ಟಿ ಸ್ಟ್ಯಾಂಡ್ ಎನ್ನುತ್ತೇನೆ.

ಎಂಟನೆಯದು ಕಣ್ಣಿನ ಆರೋಗ್ಯ. ಆರೋಗ್ಯದ ಕಣ್ಣು ಕೂಡ ಹೋಲಿಸಿಯೇ ನೋಡುತ್ತದೆ. ಒಂದೇ ಬಣ್ಣದ ಚುಕ್ಕೆ ಬಿಳಿಯ ಮೇಲೆ ಕಪ್ಪಾಗಿಯೂ ಕಪ್ಪಿನ ಮೇಲೆ ಬೆಳ್ಳಗೂ ಕಾಣುತ್ತದೆ ಎಂದು ಅವರು ತೋರಿಸಿದ್ದಾರೆ. ಕ್ಯಾಮರಾದ ಮೋಸ ಇನ್ನೊಂದು ಬಗೆಯದು. ಅದು ಎಲ್ಲವನ್ನೂ ಮಧ್ಯಮ ಬೂದು ಎಂದೇ ಅಂದಾಜಿಸುತ್ತದೆ. ಆದ್ದರಿಂದ ಈದ್ಗಾದ ಬಿಳಿ ಉಡುಪಿನ ಸಾಲುಗಳು ಬೂದಿಯಾಗುತ್ತವೆ, ಕಪ್ಪು ಬುರ್ಖಾ ಮಾಸಿದಂತಾಗುತ್ತದೆ. ಬಿಳಿ ಹೆಚ್ಚಿದ್ದಾಗ ಎಕ್ಸ್‌ಪೋಷರನ್ನು ಒಂದು ಹಂತ ಏರಿಸಿ, ಕಪ್ಪು ಹೆಚ್ಚಿದ್ದಾಗ ಒಂದು ಹಂತ ಇಳಿಸಿ. ಮೊಬೈಲಿನಲ್ಲಿ ಪರದೆಯನ್ನು ಮುಟ್ಟಿದಾಗ ಕಾಣುವ ಸೂರ್ಯನ ಗುರುತನ್ನು ಮೇಲೆ ಕೆಳಗೆ ಸರಿಸಿದರೆ ಸಾಕು.

ಗ್ರಂಥದ ಪಯಣ

ಇಬ್ನುಲ್ ಹೈಸಮ್‌ರ ಅಳಿಯ ಕಿತಾಬುಲ್ ಮನಾಝಿರ್‌ನ ಪ್ರತಿಯೊಂದನ್ನು 1083ರ ಸುಮಾರಿಗೆ ಬಸ್ರಾದಲ್ಲಿ ಬರೆದಿಟ್ಟರು. ಅದರ ಭಾಗಗಳು ಇಸ್ತಾಂಬುಲ್‌ನಲ್ಲಿ ಉಳಿದಿವೆ. 1200ರ ಸುಮಾರಿಗೆ ಗ್ರಂಥ ಲ್ಯಾಟಿನ್ ಭಾಷೆಗೆ ಬಂತು. 1300ರ ಹೊತ್ತಿಗೆ ಪರ್ಷಿಯಾದ ಕಮಾಲುದ್ದೀನ್ ಫಾರಿಸಿ ಅದಕ್ಕೆ ವಿಸ್ತಾರವಾದ ವ್ಯಾಖ್ಯಾನ ಬರೆದು, ಕಾಮನಬಿಲ್ಲು ಹೇಗೆ ಮೂಡುತ್ತದೆ ಎಂಬುದನ್ನೂ ಪ್ರಯೋಗದಿಂದ ವಿವರಿಸಿದರು. 1572ರಲ್ಲಿ ಲ್ಯಾಟಿನ್ ಅನುವಾದ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಅಚ್ಚಾಯಿತು. ಕೆಪ್ಲರ್ ಅದನ್ನು ಓದಿದರು, ಅದರ ತಪ್ಪನ್ನೂ ತಿದ್ದಿದರು. ಟಾಲೆಮಿಯನ್ನು ಇಬ್ನುಲ್ ಹೈಸಮ್ ತಿದ್ದಿದಂತೆ ಇಬ್ನುಲ್ ಹೈಸಮ್‌ರನ್ನು ಕೆಪ್ಲರ್ ತಿದ್ದಿದರು. ವಿದ್ಯೆ ಬೆಳೆಯುವುದು ಹೀಗೆಯೇ. 2015ನ್ನು ಅಂತಾರಾಷ್ಟ್ರೀಯ ಬೆಳಕಿನ ವರ್ಷವಾಗಿ ಆಚರಿಸಿದಾಗ ಸಾವಿರ ವರ್ಷದ ಹಿಂದಿನ ಈ ಗ್ರಂಥವನ್ನು ಜಗತ್ತು ಸ್ಮರಿಸಿತು. ಚಂದ್ರನ ಮೇಲಿನ ಒಂದು ಕುಳಿಗೂ ಅವರ ಹೆಸರಿದೆ.

ಪ್ರಿಯ ವಿದ್ಯಾರ್ಥಿಗಳೇ, ಈ ಲೇಖನ ಓದಿದ ಮೇಲೆ ಒಂದು ಕೆಲಸ ಮಾಡಿ. ಬಿಸಿಲಿರುವ ದಿನ ಒಂದು ಕೋಣೆಯ ಕಿಟಕಿ ಬಾಗಿಲುಗಳನ್ನು ಕಪ್ಪು ಕಾಗದದಿಂದ ಬೆಳಕು ನುಸುಳದಂತೆ ಮುಚ್ಚಿ. ಕಾಗದದಲ್ಲಿ ಪೆನ್ಸಿಲಿನಿಂದ ಒಂದು ರಂಧ್ರ ಮಾಡಿ, ಅದರ ಎದುರು ಬಿಳಿ ಹಾಳೆ ಹಿಡಿದು ಸ್ವಲ್ಪ ಹೊತ್ತು ಸುಮ್ಮನೆ ಕಾಯಿರಿ. ಕಣ್ಣು ಕತ್ತಲೆಗೆ ಹೊಂದಿಕೊಂಡಂತೆ ಹೊರಗಿನ ಮರ, ರಸ್ತೆ, ಹೋಗುವ ಜನ ಎಲ್ಲವೂ ತಲೆಕೆಳಗಾಗಿ ಹಾಳೆಯ ಮೇಲೆ ಮೂಡುತ್ತವೆ. ನಮ್ಮ ಶಾಲೆಯಲ್ಲಿ ಇದನ್ನು ಮಾಡಿದಾಗ, ನನ್ನನ್ನು ಪ್ರಶ್ನೆ ಕೇಳಿದ್ದ ಅದೇ ಹುಡುಗಿ ರಂಧ್ರವನ್ನು ಇನ್ನಷ್ಟು ದೊಡ್ಡದು ಮಾಡಿದರೆ ಏನಾಗುತ್ತದೆ ನೋಡೋಣ ಸರ್ ಎಂದು ಕತ್ತರಿ ಹಿಡಿದು ಎದ್ದಳು. ನೀವೂ ಮಾಡಿ ನೋಡಿ.